ಬಡವಿ ಎನಿಸಿಕೊಳ್ಳಲು ನಮ್ಮತ್ತೆ ಪಟ್ಟ ಪಾಡು

ಬಡವರಾಗುವುದು ಬಹಳ ಸುಲಭ ಎಂದು ತಿಳಿದಿದ್ದೀರಾ? ಹಾಗಿದ್ದರೆ ನೀವು ನಮ್ಮ ಸೋದರತ್ತೆಯನ್ನು ನೋಡಿಲ್ಲ! ಇಡೀ ಹರಪನಹಳ್ಳಿ ತಾಲ್ಲೂಕಿನಲ್ಲಿ ಬಡವಿ ಎನಿಸಿಕೊಳ್ಳುವುದಕ್ಕೆ ಆಕೆಯಷ್ಟು ಒದ್ದಾಡಿದ ಹೆಂಗಸು ಮತ್ತೊಬ್ಬಳು ಇರಲಿಕ್ಕಿಲ್ಲ. ತಮಾಷೆಯೇನೆಂದರೆ ಆಕೆ ಬಡವಿಯೇ. ಅಪ್ಪಟ ಬಡವಿ. ಒಂದು ಪಡಸಾಲೆ, ಒಂದು ಅಡಿಗೆಮನೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಕೂಲಿ, ಉಳಿದ ದಿನ ಸಿಕ್ಕ ಕೆಲಸ. ಇಷ್ಟೇ ಆಕೆಯ ಆಸ್ತಿ. ಆದರೆ ಈ ಸಂಗತಿಯನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಸರ್ಕಾರಕ್ಕೂ ಸುಲಭಕ್ಕೆ ಬಿಟ್ಟುಕೊಡಲಿಲ್ಲ ಎಂಬುದೇ ಈ ಕಥೆ!

ಅತ್ತೆಯ ಊರು ಅದೇ ತಾಲ್ಲೂಕಿನ ಅರಸೀಕೆರೆಯಿಂದ ಒಳಗೆ ಹೋಗುವ ಒಂದು ಹಳ್ಳಿ. ‘ಕೂಲಿ’ ಎಂಬ ಮಾತು ಆಕೆಯ ಬಾಯಲ್ಲಿ ಬರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟಾಗ ಯಾರಾದರೂ ಕೇಳಿದರೆ, “ಹೊಲದ ಕಡಿ ಹೊಂಟೀನಿ” ಎನ್ನುತ್ತಾಳೆ. ಯಾರ ಹೊಲ ಎಂದು ಮಾತ್ರ ಕೇಳಬಾರದು.

ಆಕೆಯ ಮನೆಗೆ ನೆಂಟನಾಗಿ ಹೋಗುವುದು ಒಂದು ನಾಟಕ ನೋಡಿದಂತೆ. ಮುಂಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿಕೊಂಡು, ಕೈಕಾಲು ತೊಳೆಯಲು ನೀರು ಕೊಟ್ಟು, ಮನೆಮಂದಿಯ ಕ್ಷೇಮವನ್ನೆಲ್ಲ ಒಬ್ಬೊಬ್ಬರದಾಗಿ ವಿಚಾರಿಸುತ್ತಾಳೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹಿಂದಿನ ಮನೆಯ ಹಾಲಮ್ಮನ ಕುರ್ಚಿ, ಪಕ್ಕದ ಮನೆಯ ಹಾಲು, ಅದರಾಚೆ ಮನೆಯ ಸಕ್ಕರೆ, ಇನ್ನಾರದೋ ಹೂವಿನ ಚಿತ್ರದ ಕಪ್ಪುಗಳು ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತುಬಿಡುತ್ತವೆ! ಓಣಿಯವರಿಗೆಲ್ಲ ಇದು ರೂಢಿ. ಯಾರೂ ತಪ್ಪಿಯೂ ಬಾಯಿ ಬಿಡುವುದಿಲ್ಲ.

ಒಮ್ಮೆ ನಾನು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಹಾಲಮ್ಮ ಬಾಗಿಲಿಗೆ ಬಂದು ತಡವರಿಸುತ್ತ ನಿಂತಳು.

“ಅಕ್ಕಾ, ನಮ್ಮನಿಗೂ ಬೀಗರು ಬಂದಾರ. ಆ ಕುರ್ಚಿ...”

ಅತ್ತೆ ಒಂದಿಷ್ಟೂ ವಿಚಲಿತಳಾಗಲಿಲ್ಲ. “ಅದಕ್ಕೇನವ್ವ, ತಗಂಡ್ ಹೋಗು. ಬೀಗರು ಇರಾತನ ಇಟ್ಕಳ್ರಿ. ನಮಗೇನು ಅವಸರ ಇಲ್ಲ!” ಎಂದಳು.

ಹಾಲಮ್ಮ ತನ್ನ ಕುರ್ಚಿಯನ್ನು ತಾನೇ ಎರವಲು ಪಡೆದವಳಂತೆ, “ನಿಮ್ಮಿಂದ ಭಾಳ ಉಪಕಾರ ಆತಕ್ಕ” ಎಂದು ಹೊತ್ತುಕೊಂಡು ಹೋದಳು. ನಾನು ಕಪ್ಪು ಹಿಡಿದುಕೊಂಡು ಚಾಪೆಯ ಮೇಲೆ ಕುಳಿತೆ.

ನನಗೆ ಕೊಟ್ಟೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಅಂಗಡಿಯಿದೆ. ಜೆರಾಕ್ಸೂ ಮಾಡುತ್ತೇನೆ. ಡಿಗ್ರಿ ಹುಡುಗ ಹುಡುಗಿಯರಿಗೆ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲ ಬಂತೆಂದರೆ ನನ್ನಂಗಡಿಯಲ್ಲಿ ಬಡವರದೇ ಜಾತ್ರೆ. ಎಂಥೆಂಥ ಬಡವರು ಅಂತೀರಿ! ಕಾರಿನಲ್ಲಿ ಬಂದಿಳಿದು, ಕೈಬೆರಳಿನ ಉಂಗುರಗಳನ್ನು ಜೇಬಿಗೆ ಸೇರಿಸಿ, “ನಮ್ಮಂಥ ಬಡವ್ರ ಮಕ್ಕಳು ಓದಾದು ಹ್ಯಾಂಗ್ರಿ?” ಎಂದು ನಿಟ್ಟುಸಿರು ಬಿಡುವ ಬಡವರು. ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಎಲ್ಲ ಇದ್ದರೂ ಆದಾಯ ಮಿತಿಯೊಳಗಿರದಿದ್ದರೆ ಅರ್ಹತೆಯಿಲ್ಲ. ಆದ್ದರಿಂದ ಆ ಒಂದು ಕಾಗದದಲ್ಲಿ ಬಡವನಾಗಲು ಜನ ಪಡುವ ಪ್ರಯತ್ನ ನೋಡಿ ನೋಡಿ ನನಗೆ ಸಾಕಾಗಿಹೋಗಿದೆ.

ಅಂಥ ನನ್ನ ಪಾಲಿಗೆ ನಮ್ಮತ್ತೆ ಬಂದಳು! ಆಕೆಗೊಬ್ಬಳು ಮೊಮ್ಮಗಳು. ಮಗಳು ತೀರಿಕೊಂಡ ಮೇಲೆ ಇನ್ನೂ ನಡೆಯಲು ಬಾರದ ಕೂಸನ್ನು ಅತ್ತೆಯೇ ಎತ್ತಿಕೊಂಡು ಬಂದು ಸಾಕಿದ್ದಳು. ಈಗ ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮಾತು ಕಡಿಮೆ, ಅಂಕ ಜಾಸ್ತಿ. ವಿದ್ಯಾರ್ಥಿವೇತನ ಬಂದರೆ ಓದು ಮುಂದುವರಿಯುತ್ತದೆ, ಬರದಿದ್ದರೆ ಅಲ್ಲಿಗೇ ಮುಗಿಯಿತು. ಲೆಕ್ಕ ಅಷ್ಟು ಸರಳವಾಗಿತ್ತು.

“ಅತ್ತಿ, ಆದಾಯ ಪ್ರಮಾಣಪತ್ರಕ್ಕ ಅರ್ಜಿ ಹಾಕೀನಿ. ವಿಎ ಸಾಹೇಬ್ರು ಮನಿ ನೋಡಾಕ ಬರ್ತಾರ” ಎಂದು ಫೋನಿನಲ್ಲಿ ಹೇಳಿದೆ.

“ಸಾಹೇಬ್ರು ನಮ್ಮನಿಗಾ?” ಎಂದು ಅತ್ತೆ ಗಾಬರಿಯಾದಳು. ಫೋನ್ ಇಟ್ಟವಳೇ ಇಡೀ ಓಣಿಯನ್ನು ಎಬ್ಬಿಸಿದಳು.

ಈ ವಿಎ, ಅಂದರೆ ಗ್ರಾಮ ಆಡಳಿತಾಧಿಕಾರಿ, ಕೆಲಸಕ್ಕೆ ಹೊಸಬನಾದ ಎಳೆಯ ಹುಡುಗ. ಪಾಪ, ಒಂದು ಬಡಕುಟುಂಬದ ಸ್ಥಿತಿಗತಿ ನೋಡಲೆಂದು ಬಂದರು. ಅವರನ್ನು ಕೂರಿಸಿದ್ದು ಸೋಫಾದ ಮೇಲೆ! ಎದುರಿಗೆ ದೊಡ್ಡ ಟಿವಿ. ತಲೆಯ ಮೇಲಲ್ಲದಿದ್ದರೂ ಪಕ್ಕದಲ್ಲಿ ಗಿರ್ರೆನ್ನುವ ಫ್ಯಾನು. ಅಂಗಳದಲ್ಲಿ ಹಾಲಮ್ಮನ ಗಂಡನ ಬೈಕು, ಬಾಗಿಲ ಬಳಿ ಯಾರದೋ ಎಮ್ಮೆ. ತಟ್ಟೆಯಲ್ಲಿ ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ, ಮಗ್ಗುಲಲ್ಲಿ ಮಂಡಕ್ಕಿ ಮಿರ್ಚಿ.

“ಟಿವಿ ಚೊಲೋ ಐತ್ರಿ ಅಮ್ಮಾರ” ಎಂದರಂತೆ ಸಾಹೇಬರು.

“ಹಳೇದಾತ್ರಿ. ಬದಲಿ ಮಾಡ್ಬೇಕು” ಎಂದಳಂತೆ ಅತ್ತೆ.

“ಜೀವನಕ್ಕ ಏನಾರ ತೊಂದ್ರಿ ಐತಾ?”

“ಅಯ್ಯ, ನಿಮ್ಮಂಥೋರ ಆಶೀರ್ವಾದ, ನಮಗೇನ್ ಕಮ್ಮಿ ಐತ್ರಿ! ಇನ್ನೊಂದು ಹೋಳಿಗಿ ಹಾಕ್ಸ್ಕಳ್ರಿ.”

ಹೆಸರಿನಲ್ಲಿ ಒಂದು ಗುಂಟೆ ಹೊಲವಿಲ್ಲ, ಆದರೂ ಇಂಥ ವೈಭವ! ಏನೋ ವ್ಯಾಪಾರ ಜೋರಾಗಿರಬೇಕೆಂದು ಅವರು ತಿಳಿದರು. ತಿಳಿಯದೆ ಇನ್ನೇನು ಮಾಡಿಯಾರು? ಕಣ್ಣಿಗೆ ಕಂಡಂತೆ ವರದಿ ಕೊಟ್ಟರು. ಪ್ರಮಾಣಪತ್ರ ಬಂತು, ಆದಾಯ ಮಿತಿ ಮೀರಿತ್ತು. ವಿದ್ಯಾರ್ಥಿವೇತನಕ್ಕೆ ಅರ್ಹರಲ್ಲ!

ನಾನು ತಲೆಯ ಮೇಲೆ ಕೈಹೊತ್ತು ಹಳ್ಳಿಗೆ ಓಡಿದರೆ, ಅತ್ತೆ ಆ ಕಾಗದ ನೋಡಿ ಅರಳಿಹೋದಳು. “ಅಷ್ಟ್ ಬರ್ದಾರಾ? ಒಳ್ಳೇ ಮನಿತನದ ಹುಡುಗ ನೋಡಲೇ. ಉಂಡ ಋಣ ತೀರಿಸ್ಯಾನ!” ಎಂದು ಅದನ್ನು ಹಾಲಮ್ಮನಿಗೂ ತೋರಿಸಿ ಬಂದಳು.

ಆಗ ಒಳಗಿನಿಂದ ಮೊಮ್ಮಗಳು ಮೆಲ್ಲನೆ, “ಇರ್ಲಿ ಬಿಡಜ್ಜಿ. ದಾವಣಗೆರಿ ಬಟ್ಟಿ ಅಂಗಡ್ಯಾಗ ಹುಡುಗ್ಯಾರು ಬೇಕಂತ. ಸೋಮವಾರದಿಂದ ಹೋಗ್ತೀನಿ” ಎಂದಳು.

ಅತ್ತೆಯ ಮುಖ ಇಳಿದುಹೋಯಿತು. ಎದ್ದು ನಿಂತು ಸೆರಗು ಸಿಕ್ಕಿಸಿದಳು. “ಎಲ್ಲೈತಲೇ ಆ ಕಚೇರಿ? ನಡಿ. ಆಕಿ ಓದಾದು ಓದಾದೇ. ಅದೇನ್ ಬಡವ್ರಾಗ್ಬೇಕೋ ಆಗೇ ಬಿಡಾನು!”

ಹಟ ಹಿಡಿದರೆ ಅತ್ತೆಯನ್ನು ತಡೆಯುವವರಿಲ್ಲ. ದಿನಾ ಮೊದಲ ಬಸ್ಸಿಗೆ ಹೋಗಿ ನಾಡಕಚೇರಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕಷ್ಟವೇನೆಂದರೆ, ಅಲ್ಲಿ ಅದೇ ವಿಎ ಸಾಹೇಬರ ಮುಂದೆ ಹೇಳಬೇಕಾದ ಒಂದೇ ಒಂದು ಮಾತು ಆಕೆಯ ಗಂಟಲಿನಿಂದ ಹೊರಡುತ್ತಿರಲಿಲ್ಲ!

“ಸಾಹೇಬ್ರ, ಆ ಕಾಗದದಾಗ ಸ್ವಲ್ಪ ಜಾಸ್ತಿ ಆಗೇತ್ರಿ. ಕಮ್ಮಿ ಮಾಡ್ರಿ.”

“ಯಾಕಮ್ಮಾರ, ನಿಮ್ಮ ಆದಾಯ ಅಷ್ಟಿಲ್ಲೇನು? ಕಷ್ಟ ಐತೇನು?”

“ಹಂಗೇನಿಲ್ಲ ಬಿಡ್ರಿ. ನಡೀತೈತಿ!”

ಪಕ್ಕದಲ್ಲಿ ನಿಂತ ನಾನು ಹಣೆ ಚಚ್ಚಿಕೊಂಡೆ. ಮಾರನೆಯ ದಿನ, ಅದರ ಮಾರನೆಯ ದಿನ ಇದೇ ಸಂಭಾಷಣೆ. ಅತ್ತ ಅರ್ಜಿಗೆ ಕೊನೆಯ ದಿನ ಹತ್ತಿರವಾಗುತ್ತಿತ್ತು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ, ಆ ಸೋಫಾ, ಟಿವಿ, ಎಮ್ಮೆ ಯಾವುವೂ ಆಕೆಯವಲ್ಲ ಎಂದು ಹೇಳಿಬಿಟ್ಟೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ಸಾಹೇಬರು ಒಳ್ಳೆಯವರು. “ಇನ್ನೊಂದ್ಸಲ ನಾನೇ ಬಂದು ನೋಡ್ತೀನಿ” ಎಂದರು.

ಈ ಸಲ ನಾನೂ ಹೋಗಿ ಮುಂದೆ ನಿಂತೆ. ಪಡಸಾಲೆಯಲ್ಲಿ ಒಂದು ಚಾಪೆ, ಒಂದು ಕೊಡ. ಮೂಲೆಯಲ್ಲಿ ದಾವಣಗೆರೆಗೆ ಹೊರಡಲು ಹುಡುಗಿ ಬಟ್ಟೆ ತುಂಬಿಟ್ಟ ಚೀಲ. ಸಾಹೇಬರು ಬಂದು ಚಾಪೆಯ ಮೇಲೆ ಕುಳಿತರು. ಅತ್ತೆ ತಲೆ ತಗ್ಗಿಸಿ ನಿಂತಿದ್ದಳು, ಹಿತ್ತಲ ಬಾಗಿಲಲ್ಲಿ ಹುಡುಗಿ. ಎಲ್ಲ ಸರಿಯಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹೊರಗೆ ಗದ್ದಲ! ನೋಡಿದರೆ ಹಾಲಮ್ಮ ಮತ್ತು ಆಕೆಯ ಗಂಡ ಸೋಫಾ ಹೊತ್ತುಕೊಂಡು ಬಾಗಿಲಲ್ಲಿ! ಹಿಂದೆ ಒಬ್ಬಳು ಟಿವಿ, ಮತ್ತೊಬ್ಬಳು ಫ್ಯಾನು. ಸಾಹೇಬರ ಬೈಕು ಕಂಡದ್ದೇ ತಡ, ಇಡೀ ಓಣಿ ಅತ್ತೆಯ ಮಾನ ಕಾಯಲು ಓಡಿಬಂದಿತ್ತು.

“ಅಕ್ಕಾ, ಒಂದ್ ಮಾತ್ ಕರೀಬಾರ್ದೇನು? ಸಾಹೇಬ್ರನ್ನ ನೆಲದ ಮ್ಯಾಲೆ ಕುಂದ್ರಿಸೀರಲ್ಲ!” ಎಂದಳು ಹಾಲಮ್ಮ ಏದುಸಿರು ಬಿಡುತ್ತ.

“ಇದು ಯಾರ್ದಮ್ಮ ಸೋಫಾ?” ಸಾಹೇಬರು ಕೇಳಿದರು.

“ಅಕ್ಕಾರ್ದೇ ರೀ! ನಾವು ಇಸ್ಕಂಡ್ ಹೋಗಿದ್ವಿ, ಈಗ ತಂದೀವಿ.”

“ಟಿವಿ?”

“ಅದೂ ಅವ್ರದೇ!” ಎಂದಿತು ಓಣಿ ಒಕ್ಕೊರಲಿನಿಂದ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರು ನನ್ನತ್ತ ನೋಡಿದ ನೋಟದಲ್ಲಿ ನಾನು ಶುದ್ಧ ಸುಳ್ಳುಗಾರನಾಗಿದ್ದೆ. ಪೆನ್ನು ಜೇಬಿಗಿಟ್ಟು ಎದ್ದುಬಿಟ್ಟರು. ಅವರು ಹೊಸ್ತಿಲು ದಾಟಿದರೆ ಹುಡುಗಿಯ ಕಾಲೇಜು ಮುಗಿದಂತೆ.

ಆಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ನಿಂದ್ರಿ ಸಾಹೇಬ್ರ. ಸೋಫಾ ಹಾಲಮ್ಮಂದು. ಟಿವಿ ಆಕಿ ನಾದಿನಿದು. ಎಮ್ಮಿ, ಗಾಡಿ, ಅವತ್ತು ನೀವು ಉಂಡ ತುಪ್ಪ, ಎಲ್ಲಾ ಇವ್ರವು.” ಒಂದೊಂದಕ್ಕೂ ಒಂದು ಬೆರಳು ಮಡಿಸಿದಳು. “ನನ್ನ ಹತ್ರ ಏನೂ ಇಲ್ರಿ. ಕೂಲಿ ಮಾಡೀನಿ, ಆ ಹುಡುಗೀನ ಸಾಕೀನಿ. ಆಕಿ ಓದ್ಬೇಕ್ರಿ. ಬರ್ಕಳ್ರಿ, ನನ್ನ ಹತ್ರ ಏನೂ ಇಲ್ಲ.”

ಓಣಿಯವರು ಹೊತ್ತು ತಂದದ್ದನ್ನೆಲ್ಲ ಅಲ್ಲೇ ಕೆಳಗಿಳಿಸಿದರು. ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಮತ್ತೆ ಅದೇ ಚಾಪೆಯ ಮೇಲೆ ಕುಳಿತು ಬರೆದುಕೊಂಡರು. “ನಾಳಿಗೆ ಹೊಸ ಪ್ರಮಾಣಪತ್ರ ಕೊಡಿಸ್ತೀನಮ್ಮ. ಅರ್ಜಿ ಹಾಕ್ರಿ, ಅರ್ಹತಾ ಐತಿ” ಎಂದು ಕೈಮುಗಿದು ಹೋದರು.

ನಾನು ಗೆದ್ದ ಸಂಭ್ರಮದಲ್ಲಿ ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

“ಹುಡುಗಿ ಕೇಳಿಸ್ಕಂಡ್ಲೇನಲೇ?” ಎಂದಳು.

“ಕೇಳಿಸ್ಕಂಡ್ಲು. ಯಾಕತ್ತಿ?”

“ತಾಯಿಲ್ಲದ ಕೂಸು. ಅಜ್ಜಿ ಮನ್ಯಾಗ ಏನೂ ಇಲ್ಲ ಅಂತ ಆಕಿ ಮನಸಿಗೆ ಬರಬಾರ್ದು ಅಂತ ಇಷ್ಟು ವರ್ಷ ಮುಚ್ಚಿಟ್ಕಂಡು ಬಂದಿದ್ದೆ. ಇವತ್ತು ನಾನೇ ಎಲ್ಲಾರ ಮುಂದ ಒದರಿಬಿಟ್ಟೆ.”

ಆಕೆಯದು ಬರೀ ಜಂಭ ಎಂದುಕೊಂಡು ಊರೂರಲ್ಲಿ ಹೇಳಿ ನಕ್ಕವನು ನಾನು.

ಹುಡುಗಿ ಯಾವಾಗ ಬಂದು ಹಿಂದೆ ನಿಂತಿದ್ದಳೋ! ಅಜ್ಜಿಯ ಪಕ್ಕ ಕುಳಿತು ಆಕೆಯ ಒರಟು ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಸಣ್ಣಾಕಿ ಇದ್ದಾಗಿಂದ ನನಗ ಗೊತ್ತೈತಜ್ಜಿ” ಎಂದಳು.

“ಗೊತ್ತಿತ್ತಾ? ಮತ್ತ ಒಂದಿನಾನೂ ಅನ್ಲಿಲ್ಲ?”

“ನಿನಗ ಗೊತ್ತಾಗಬಾರ್ದು ಅಂತ ನಾನೂ ಮುಚ್ಚಿಟ್ಟಿದ್ದೆ.”