ಅಂತಾಲ್ಯ ಕಂಡು ಬಂದ ಹನೀಫ

ಎಲ್ಲ ಫಜೀತಿಗೂ ಮೂಲ ಜೋಳದ ರೊಟ್ಟಿ.

ಇಂಡಿ ಪಟ್ಟಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಮಹಮ್ಮದಹನೀಫನನ್ನು ಕಂಪನಿಯೊಂದು ಜಿಲ್ಲೆಯ ಇತರ ಡೀಲರುಗಳ ಜೊತೆ ತುರ್ಕಿಗೆ ಪುಕ್ಕಟೆ ಪ್ರವಾಸಕ್ಕೆ ಕಳಿಸಿತ್ತು. ನಮ್ಮ ಕಡೆಯ ಡೀಲರುಗಳು ಸ್ವರ್ಗಕ್ಕೆ ಕರೆದರೂ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡೇ ಹೊರಡುವವರು. ಅಂತಾಲ್ಯ ಎಂಬ ಸಮುದ್ರದಂಡೆಯ ಊರಿನಲ್ಲಿ ಬಸ್ಸು ನಿಂತಾಗ ರೊಟ್ಟಿ ಗಂಟು ಕಾಯಲು ಒಬ್ಬರು ಬೇಕಾದರು. ಎಲ್ಲರೂ ಹನೀಫನತ್ತ ತಿರುಗಿದರು. ಒಲ್ಲೆ ಅನ್ನುವುದು ಆ ಪಾಪದವನಿಗೆ ಹುಟ್ಟಿನಿಂದಲೇ ಬಾರದು. ಉಳಿದವರು ಎರಡು ಸಾವಿರ ವರ್ಷದ ಹಳೆಯ ಬಂದರು ನೋಡಲು ಹೋದರು. ಈತ ಕಿಟಕಿಯಲ್ಲಿ ಕುಳಿತು ಎದುರಿನ ಪೆಟ್ರೋಲ್ ಪಂಪು ನೋಡಿದ.

ಊರಿಗೆ ಬಂದ ಮರುದಿನವೇ ಹೆಂಡತಿ ಅಖ್ತರಬೇಗಂ ಇಡೀ ಓಣಿಯನ್ನು ಚಹಾಕ್ಕೆ ಕರೆದಳು. ಹನೀಫ ಅಡುಗೆಮನೆಗೆ ಹೋಗಿ ಇದ್ದದ್ದನ್ನು ಹೇಳಿಬಿಟ್ಟ.

"ಬಸ್ಸಿನ್ಯಾಗ ಕುಂತು ಬಂದ್ರ್ಯಾ? ನಮ್ಮ ಮನಿಯವ್ರು ಎಲ್ಲಾ ನೋಡ್ಯಾರ ಅಂತ ಮನಿ ಮನಿಗೆ ಹೇಳೇನಿ. ನೋಡೀನಿ ಅನ್ರಿ. ಇಲ್ಲಾಂದ್ರ ನಾ ಸಿಂದಗಿಗೆ ತವರಿಗೆ ಹೋಗ್ತೇನಿ!"

ಆಕೆ ಹೋಗುವವಳೇ. ಹಿಂದೊಮ್ಮೆ ಸೀರೆಯ ಬಣ್ಣದ ಸಲುವಾಗಿ ಹೋದವಳನ್ನು ಕರೆತರಲು ಹನೀಫ ಮಾವನ ಕಾಲು ಹಿಡಿದಿದ್ದ.

ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆಯೇ ಇತಿಹಾಸದ ನಿವೃತ್ತ ಮಾಸ್ತರು ಧರ್ಮರಾಜರು ಕನ್ನಡಕ ಒರೆಸುತ್ತ ಕುಳಿತಿದ್ದರು.

"ಹನೀಫಸಾಬ್, ರೋಮಿನ ಬಾದಶಹಾ ಹೇಡ್ರಿಯನ್ ಹೆಸರಿಂದು ಬಾಗಲಾ ಐತಲ್ರಿ ಅಲ್ಲಿ, ಹೆಂಗೈತ್ರಿ?"

"ದೊಡ್ಡದೈತ್ರಿ."

"ಎಷ್ಟು ದೊಡ್ಡದ್ರಿ?"

"ಮೂರು ಟ್ರಾಕ್ಟರ್ ಜೋಡಿಲೇ ಹಾಯ್ತಾವ್ರಿ," ಎಂದ ಹನೀಫ, ಬಾಯಿಗೆ ಬಂದದ್ದನ್ನು.

ಮಾಸ್ತರು ಎದ್ದೇ ನಿಂತರು. "ಕರೆಕ್ಟ್! ಮೂರು ಕಮಾನು!"

ಎಲ್ಲರಿಗಿಂತ ಹೆಚ್ಚು ಬೆರಗಾದವನು ಹನೀಫನೇ. ಆಮೇಲೆ ಅವನ ನಾಲಿಗೆಗೆ ಲಗಾಮು ಉಳಿಯಲಿಲ್ಲ. ಬಂದರಿನ ನೀರು ಆಲಮಟ್ಟಿ ಹಿನ್ನೀರನ್ನೂ ಮೀರಿತ್ತು, ಕೋಟೆಗೋಡೆಯನ್ನು ತಾನು ಕೈಯಾರೆ ಮುಟ್ಟಿದೆ ಎಂದ.

"ನಮ್ಮ ಸಾಲೋಟಗಿ ಊರಿನ ಶಾಸನದಂಗ ಒಂದು ಕಲ್ಲೂ ಇತ್ರಿ. ಅದರ ಮ್ಯಾಲ ಬೆಕ್ಕು ಮಲಗಿತ್ತು."

"ಏನ್ ಬರದಿತ್ರಿ ಅದರಾಗ?" ಮಾಸ್ತರು ಉಸಿರು ಬಿಗಿಹಿಡಿದರು.

"ಬೆಕ್ಕು ಏಳಲಿಲ್ರಿ."

ಪಕ್ಕದ ಮನೆಯ ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಪುಣ್ಯಾ ಮಾಡೀಯೋ ತಮ್ಮಾ," ಎಂದಳು. ಅಖ್ತರಬೇಗಮಳ ಮುಖ ಅರಳಿತು.

ಅಷ್ಟರಲ್ಲಿ ಬಾಗಿಲಲ್ಲಿ ಚಡಚಣದ ಡೀಲರು ಚಂದ್ರಾಮ ಕಾಣಿಸಿಕೊಂಡ. ತುರ್ಕಿಗೆ ಜೊತೆಗೇ ಹೋದವನು, ರೊಟ್ಟಿ ಗಂಟನ್ನು ಹನೀಫನ ತೊಡೆಯ ಮೇಲೆ ಇಟ್ಟುಹೋದವನು. ಹನೀಫ ಮೆಲ್ಲಗೆ ಹಿತ್ತಲ ಬಾಗಿಲಿನತ್ತ ಸರಿದ.

"ನೀವೂ ಹೋಗಿದ್ರಲ್ಲ," ಎಂದರು ಮಾಸ್ತರು, "ಹನೀಫಸಾಬ್ರು ಎಲ್ಲಾ ಮುಟ್ಟಿ ನೋಡೇನಿ ಅಂತಾರ. ಖರೇ ಏನ್ರಿ?"

ಚಂದ್ರಾಮ ಹನೀಫನನ್ನು ನೋಡಿದ, ಜನರನ್ನು ನೋಡಿದ.

"ಖರೇ ಅಂದ್ರ ಖರೇರಿ. ಅವರಷ್ಟು ಚೊಲೋ ಯಾರೂ ನೋಡಿಲ್ಲ."

ಚಪ್ಪಾಳೆ ಬಿತ್ತು. ಹನೀಫ ಅವನನ್ನು ಹಿತ್ತಲಿಗೆ ಎಳೆದೊಯ್ದು ಅಪ್ಪಿಕೊಂಡ.

"ನನ್ನ ಮಾನಾ ಉಳಿಸಿದಿ ಮಾರಾಯಾ! ಆದ್ರ ಸುಳ್ಳ್ಯಾಕ ಹೇಳಿದಿ?"

"ಸುಳ್ಳೆಲ್ಲಿ? ನೀ ಪೆಟ್ರೋಲ್ ಪಂಪರ ನೋಡಿದಿ, ನಾವು ಅಷ್ಟೂ ನೋಡಿಲ್ಲ. ಬಂದರಿಗೆ ಇಳಿಯೋ ಪಾವಟಿಗಿ ಕಂಡ್ವಿ. ಇಳದ್ರ ಮತ್ತ ಹತ್ತಬೇಕಲ್ಲ ಅಂತ ಮ್ಯಾಲೇ ಚಹಾದಂಗಡ್ಯಾಗ ಕುಂತು ಇಸ್ಪೀಟ್ ಆಡಿದ್ವಿ."

"ಒಬ್ಬರೂ ಇಳೀಲಿಲ್ಲ?"

"ಒಬ್ಬರೂ ಇಲ್ಲ. ಈಗ ಎಲ್ಲಾರ ಊರಾಗೂ ಏನ್ ನೋಡಿದ್ರಿ ಅಂತ ಗಂಟು ಬಿದ್ದಾರ. ಹನೀಫ ಎಲ್ಲಾ ತಿಳಕೊಂಡಾನ, ಅವನ್ನ ಕೇಳ್ರಿ ಅಂತ ಎಲ್ಲಾರೂ ಕೂಡಿ ಹೇಳಿಬಿಟ್ಟೀವಿ. ನಮ್ಮೋರನ್ನ ನಾ ಕರಕೊಂಡೇ ಬಂದೇನಿ."

ಹನೀಫ ಮನೆಯ ಪಕ್ಕದ ಸಂದಿಯಿಂದ ಇಣುಕಿದ. ಮನೆಯ ಮುಂದೆ ಚಡಚಣದ ಟೆಂಪೋದಿಂದ ಜನ ಇಳಿಯುತ್ತಿದ್ದರು. ಅದರ ಹಿಂದೆ ಮುದ್ದೇಬಿಹಾಳದ ಜೀಪು, ಜೀಪಿನ ಹಿಂದೆ ಬಸವನ ಬಾಗೇವಾಡಿಯ ಇನ್ನೊಂದು ಟೆಂಪೋ. ಅವನಿಗೆ ನಿಂತಲ್ಲೇ ಅಳು ಬಂತು.

ಅಖ್ತರಬೇಗಂ ಹಿಗ್ಗಿನಿಂದ ಓಡಿಬಂದು ಹಾಲಿನ ಕ್ಯಾನು ಅವನ ಕೈಗಿಟ್ಟಳು.

"ಲಗೂನ ಹಾಲು ತರ್ರಿ. ಬಂದು ಮತ್ತ ಆ ಬಾದಶಹಾನ ಬಾಗಲದಿಂದ ಶುರು ಮಾಡ್ರಿ."