ಸಿಂಹಗಿರಿಯ ಪಟ್ಟಾಭಿಷೇಕಕ್ಕೆ ಬಂದ ಸೂತಕ

ಒಂದು ಸಂಸ್ಥಾನದ ರಾಜಪುರೋಹಿತನನ್ನು ಹುರುಳಿಕಾಯಿ ತರಲು ಸಂತೆಗೆ ಕಳಿಸಬಾರದು. ಈ ಮಾತನ್ನು ನನ್ನ ಧರ್ಮಪತ್ನಿ ವೇದವತಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳ ಉತ್ತರ ಯಾವಾಗಲೂ ಒಂದೇ: "ಆಯ್ತು ಪುರೋಹಿತ್ರೇ, ಬರ್ತಾ ಕೊತ್ತಂಬರಿಸೊಪ್ಪೂ ತನ್ನಿ."

ನಾನು ಹೊಳೆನರಸೀಪುರದ ಯೋಗಾನರಸಿಂಹ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತನಾದವನು. ನಿವೃತ್ತನಾದ ಲೆಕ್ಕದ ಮೇಷ್ಟರನ್ನು ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಳೆಯ ಶಿಷ್ಯರು ಕೂಡ, ದಾರಿಯಲ್ಲಿ ಎಲ್ಲಿ ಮಗ್ಗಿ ಒಪ್ಪಿಸು ಅಂದುಬಿಡುತ್ತೇನೋ ಎಂದು ರಸ್ತೆಯ ಆ ಕಡೆಗೆ ದಾಟುತ್ತಾರೆ. ಹೀಗೆ ಎರಡು ವರ್ಷ ಜಗಲಿಯ ಮೇಲೆ ಕೂತು ಹೋಗಿಬರುವ ಬಸ್ಸುಗಳನ್ನು ಎಣಿಸಿದ ಮೇಲೆ, ೨೦೦೫ರಲ್ಲಿ, ಹಾಸನದಲ್ಲಿ ಕಾಲೇಜು ಲೆಕ್ಚರರ್ ಆಗಿರುವ ನಮ್ಮ ಅಳಿಯ ವಿಶ್ವಾಸ್ ಹೊಸ ಕಂಪ್ಯೂಟರ್ ಕೊಂಡು, ಹಳೆಯದನ್ನು ತಂದು ನಮ್ಮ ಮನೆಯ ಟೆಲಿಫೋನ್ ತಂತಿಗೆ ಸಿಕ್ಕಿಸಿ ಹೋದರು. (ಹಳೆಯ ಯಂತ್ರಕ್ಕೂ ಹಳೆಯ ಮಾವನಿಗೂ ಒಟ್ಟಿಗೆ ಕಾಲಕ್ಷೇಪವಾಗಲಿ ಎಂಬ ದೂರಾಲೋಚನೆ ಇರಬೇಕು.)

ಆ ಯಂತ್ರದಲ್ಲಿ ಹುಡುಕುತ್ತಾ ಹುಡುಕುತ್ತಾ ನನಗೆ ಸಿಂಹಗಿರಿ ಸಂಸ್ಥಾನ ಸಿಕ್ಕಿತು. ಅದು ಇ-ಮೇಲ್ ಗುಂಪು. ಬೇರೆ ಬೇರೆ ಊರುಗಳ ಹತ್ತೊಂಬತ್ತು ಜನ ಸೇರಿ ಒಂದು ರಾಜ್ಯ ಕಟ್ಟಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅವರವರ ಪಾತ್ರ ಏನು ಹೇಳಿತು, ಏನು ಮಾಡಿತು ಎಂದು ಅವರವರೇ ಬರೆದು ಕಳಿಸಬೇಕು. ಅಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಮಹಾರಾಜ ವೀರಮಾರ್ತಾಂಡರು ದಾವಣಗೆರೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ಸೇನಾಧಿಪತಿ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಹೆಣ್ಣುಮಗಳು. ಡ್ಯೂಟಿ ಮುಗಿಸಿ ಬಂದು, ಒಂದು ಕೋಟೆ ಹಿಡಿದು, ಆಮೇಲೆ ಅಡುಗೆಗೆ ಇಡುತ್ತಿದ್ದಳು. ಶತ್ರುರಾಜ ಪ್ರಚಂಡಬಾಹು ಅಂದರೆ ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಪದ್ಮಕುಮಾರ್. (ಪಾತ್ರೆ ಮಾರುತ್ತಲೇ ಪಾತ್ರ ಮಾಡಿದವರು.) ಅವರು ಜೈನರು, ಕಥೆಯಲ್ಲಿ ಕೂಡ ಒಂದು ಇರುವೆಯನ್ನೂ ಕೊಲ್ಲಲು ಒಪ್ಪುತ್ತಿರಲಿಲ್ಲ. ಅವರ ಭಯಂಕರ ಸೈನ್ಯ ಗಡಿಯ ತನಕ ಗರ್ಜಿಸಿಕೊಂಡು ಬಂದು, ಸೂರ್ಯಾಸ್ತದೊಳಗೆ ಊಟ ಮುಗಿಸಿ, ಬೆಳಿಗ್ಗೆ ಎದ್ದು ವಾಪಸ್ಸು ಹೋಗುತ್ತಿತ್ತು.

ಖಾಲಿ ಇದ್ದದ್ದು ರಾಜಪುರೋಹಿತನ ಹುದ್ದೆ. ಹೋಗಿ ನೋಡಿದರೆ ಅಲ್ಲಿ ಘೋರ ಅರಾಜಕತೆ. ರಾಹುಕಾಲದಲ್ಲೇ ದಂಡು ಹೊರಡುತ್ತಿತ್ತು, ಆಷಾಢದಲ್ಲಿ ರಾಜಕುಮಾರಿಯರ ಮದುವೆ ನಡೆಯುತ್ತಿತ್ತು. ನಾನು ಪಂಚಾಂಗ ಹಿಡಿದು ಕೂತೆ. ಇನ್ನು ಮೇಲೆ ಸಿಂಹಗಿರಿಯ ದಿನ ನಮ್ಮ ದಿನದ ಜೊತೆಗೇ ನಡೆಯಬೇಕು, ನಾನು ಮುಹೂರ್ತ ಇಡದೆ ಒಂದು ಆನೆಯೂ ಹೆಜ್ಜೆ ಎತ್ತಬಾರದು ಎಂದು ಶಾಸನ ಹೊರಡಿಸಿದೆ. ಓದುಗರೇ, ಅವರು ಒಪ್ಪಿದರು. "ಪುರೋಹಿತರೇ, ಯುದ್ಧ ಯಾವಾಗ ಇಟ್ಟುಕೊಳ್ಳೋಣ" ಎಂದು ಮಸ್ಕತ್ತಿನಿಂದ ಕೇಳುತ್ತಿದ್ದರು. ನನಗೆ ಜ್ವರ ಬಂದಾಗ ಮಹಾರಾಜರು ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಬರೆದು ಕಳಿಸಿದರು. ಎಷ್ಟೋ ವರ್ಷದ ಮೇಲೆ ನನ್ನನ್ನು ಕೇಳುವವರು ಹತ್ತೊಂಬತ್ತು ಜನ ಇದ್ದರು, ಅದಕ್ಕೆ ನನಗೆ ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಹೀಗಿರುವಾಗ ಮಹಾರಾಜರು ಅಂಗಡಿಯ ಎರಡನೇ ಶಾಖೆ ತೆರೆಯುವ ಗಡಿಬಿಡಿಯಲ್ಲಿ ವಾನಪ್ರಸ್ಥಕ್ಕೆ ಹೊರಟರು. ಯುವರಾಜನಿಗೆ ಪಟ್ಟ ಕಟ್ಟಬೇಕು. ಮಾಘ ಶುದ್ಧ ಪಂಚಮಿ, ಬೆಳಿಗ್ಗೆ ಒಂಬತ್ತೂಕಾಲು ಎಂದು ಮುಹೂರ್ತ ಇಟ್ಟೆ. ಇದು ತಪ್ಪಿದರೆ ಇನ್ನೊಂದು ವರ್ಷ ಮುಹೂರ್ತವೇ ಇಲ್ಲ ಎಂದು ಸಾರಿದೆ. ಆ ಅಧ್ಯಾಯ ಪೂರ್ತಿ ನನ್ನದು. ಎರಡು ತಿಂಗಳು ಕೂತು ಹದಿನಾಲ್ಕು ಪುಟ ತಯಾರು ಮಾಡಿದೆ: ಏಳು ನದಿಗಳ ನೀರು, ಒಂಬತ್ತು ಬಗೆಯ ಧಾನ್ಯ, ಹನ್ನೊಂದು ಸುತ್ತಿನ ಪ್ರದಕ್ಷಿಣೆ, ಒಂದನ್ನೂ ಬಿಟ್ಟಿರಲಿಲ್ಲ. ವೇದವತಿ ಹುರುಳಿಕಾಯಿ ಮುರಿಯುತ್ತಾ ಎಲ್ಲವನ್ನೂ ಕೇಳಿ, "ಇದರಲ್ಲಿ ಆ ಹುಡುಗ ಎಲ್ಲಿದಾನೆ?" ಎಂದಳು. ಯಾವ ಹುಡುಗ ಎಂದೆ. "ರಾಜ ಆಗೋನು" ಎಂದಳು. ಅಡುಗೆಮನೆಯಲ್ಲಿ ಇರುವವರಿಗೆ ರಾಜಕಾರ್ಯದ ಗಾಂಭೀರ್ಯ ತಿಳಿಯುವುದಿಲ್ಲ ಎಂದುಕೊಂಡು ಪುಟಗಳನ್ನು ಜೋಡಿಸಿಟ್ಟೆ.

ಪಂಚಮಿಗೆ ನಾಲ್ಕೇ ದಿನ ಇದೆ ಎನ್ನುವಾಗ ಬಾಗೂರಿನಿಂದ ಫೋನ್ ಬಂತು. ಅಲ್ಲಿನ ನಮ್ಮ ದಾಯಾದಿ ಅಪ್ರಮೇಯಯ್ಯನವರು ತೊಂಬತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ನಾನು ಅವರನ್ನು ನೋಡಿದವನಲ್ಲ. ನೋಡದಿದ್ದರೇನು, ಸೂತಕ ಸೂತಕವೇ. ಒಬ್ಬ ಮೂಲಪುರುಷನಿಂದ ಏಳು ತಲೆಯೊಳಗಿನ ದಾಯಾದಿ ಹೋದರೆ ಹತ್ತು ದಿನ, ಏಳು ದಾಟಿದ್ದರೆ ಮೂರೇ ದಿನ. ನಾನು ಬೆರಳು ಮಡಿಸಿ ತಲೆಗಳನ್ನು ಎಣಿಸಿದೆ. ಸರಿಯಾಗಿ ಏಳು. ಹತ್ತು ದಿನ.

"ಸರಿಯಾಗಿ ಎಣಿಸಿದ್ರಾ? ಇನ್ನೊಂದ್ಸಲ ಎಣಿಸಿ ನೋಡಿ" ಎಂದಳು ವೇದವತಿ.

"ಮೂವತ್ತನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟೋನಿಗೆ ಏಳು ಎಣಿಸಕ್ಕೆ ಬರಲ್ವಾ? ನೀನು ದೇವರ ಮನೆ ಬಾಗಿಲು ಹಾಕು" ಎಂದೆ.

ಅವಳು ನನ್ನನ್ನು ಒಂದು ಘಳಿಗೆ ನೋಡಿದಳು. ಆಮೇಲೆ ಹೋಗಿ ದೇವರ ಮನೆಯ ಬಾಗಿಲು ಹಾಕಿದಳು.

ಈಗ ಧರ್ಮಸಂಕಟ ಎದುರಾಯಿತು. ಸೂತಕದವನು ಒಂದು ಸಣ್ಣ ಪೂಜೆಯನ್ನೇ ಮಾಡುವಂತಿಲ್ಲ, ಪಟ್ಟಾಭಿಷೇಕ ಮಾಡಿಸುವುದು ಹೇಗೆ? ಅದು ಕಂಪ್ಯೂಟರಿನಲ್ಲಿ ತಾನೇ ಎನ್ನಬಹುದು. ಸ್ವಾಮಿ, ಆನೆಗೆ ರಾಹುಕಾಲ ಹೇಳಿದವನು ನಾನು. ಆನೆಗೊಂದು ನ್ಯಾಯ, ನನಗೊಂದು ನ್ಯಾಯವೇ? ಹತ್ತು ದಿನ ಆ ಯಂತ್ರವನ್ನು ಮುಟ್ಟುವುದಿಲ್ಲ, ಅದರೊಳಗಿಂದ ಬಂದದ್ದನ್ನು ಓದುವುದೂ ಇಲ್ಲ ಎಂದು ಘೋಷಿಸಿ, ಅದರ ಮುಖಕ್ಕೆ ದಿಂಬಿನ ಚೀಲ ಹಾಕಿದೆ. ಆದರೆ ಮುಹೂರ್ತ ಮುಂದೂಡುವಂತಿಲ್ಲ, ಇನ್ನೊಂದು ವರ್ಷ ಬೇರೆ ಮುಹೂರ್ತ ಇಲ್ಲವೆಂದು ನಾನೇ ಸಾರಿದ್ದೆ. ನನ್ನ ಹದಿನಾಲ್ಕು ಪುಟ ಯಾರ ಪಾಲಾಗುತ್ತದೆ?

ಹೆಂಡತಿಯೇ ದಾರಿ ತೋರಿಸಿದಳು. ನಮ್ಮ ಮಗಳು ಇಂಚರ ಮದುವೆಯಾಗಿ ಹೋದವಳು, ಗೋತ್ರ ಬೇರೆ, ಅವಳಿಗೆ ಈ ಸೂತಕ ಇಲ್ಲ. "ಅವಳ ಕೈಲಿ ಬರೆಸಿ" ಎಂದಳು, ಕಣ್ಣು ಅಕ್ಕಿಯ ಮೊರದ ಮೇಲೇ ಇತ್ತು. ಇಂಚರ ಕಾಲೇಜಿನಲ್ಲಿದ್ದಾಗ ಗೋಡೆಪತ್ರಿಕೆ ತುಂಬ ಬರೆದವಳು. ಆಮೇಲೆ ಮದುವೆ, ಎರಡು ಮಕ್ಕಳು. ಎಂಟು ವರ್ಷದಿಂದ ಅವಳು ಬರೆದದ್ದು ದಿನಸಿ ಪಟ್ಟಿ ಮಾತ್ರ. ಹೇಳಿದ್ದನ್ನು ಬರೆದುಕೊಳ್ಳಲು ಅಷ್ಟು ಸಾಕು ಎಂದುಕೊಂಡೆ.

ಮೂರು ದಿನ ಹಾಸನಕ್ಕೆ ಫೋನ್ ಹಚ್ಚಿ ಹದಿನಾಲ್ಕು ಪುಟವನ್ನೂ ಗಟ್ಟಿಯಾಗಿ ಹೇಳಿ ಬರೆಸಿದೆ. "ಕಿರೀಟವನ್ನು ಎರಡೂ ಕೈಯಿಂದ ಎತ್ತು" ಎಂದು ನಾನು ಕೂಗುತ್ತಿದ್ದಾಗ ಹಾಲು ತಂದ ರೇವಮ್ಮ ಬಾಗಿಲಲ್ಲೇ ನಿಂತಳು.

"ಅಲ್ಲ ಕಣವ್ವ, ಸೂತ್ಕ ಅಂತೀರಿ. ಒಳಗೆ ಮೇಷ್ಟ್ರು ಯಾರ್ಗೋ ಪಟ್ಟ ಕಟ್ತಾವ್ರಲ್ಲ?"

"ಅವರು ಕಟ್ತಿಲ್ಲ ರೇವಮ್ಮ, ಹೇಳ್ತಿದಾರೆ ಅಷ್ಟೆ" ಎಂದಳು ವೇದವತಿ.

ಇಂಚರ ಮಾತ್ರ ಎಲ್ಲಕ್ಕೂ "ಹ್ಞೂಂ ಅಣ್ಣ, ಹ್ಞೂಂ ಅಣ್ಣ" ಎನ್ನುತ್ತಿದ್ದಳು. (ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು.) ಪಂಚಮಿಯ ಬೆಳಿಗ್ಗೆ ಒಂಬತ್ತೂಕಾಲಕ್ಕೆ ನಾನು ದಿಂಬಿನ ಚೀಲದ ಎದುರು ಕೈಕಟ್ಟಿ ನಿಂತೆ. ಆ ಘಳಿಗೆಯಲ್ಲಿ ನನ್ನ ಪಟ್ಟಾಭಿಷೇಕ ನಡೆಯುತ್ತಿತ್ತು. ನಾನಿಲ್ಲದೆ.

ಹನ್ನೊಂದನೇ ದಿನ ಸ್ನಾನ ಮಾಡಿ, ಹೊಸ ಜನಿವಾರ ಹಾಕಿಕೊಂಡು, ಚೀಲ ತೆಗೆಯಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಿದ್ದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಕಂಕುಳಲ್ಲಿ ಕಾಗದದ ಕಟ್ಟು.

"ಪುರೋಹಿತ್ರು ಅಲ್ವರಾ ಸಾ? ನಾನು ಪ್ರಚಂಡಬಾಹು. ಚನ್ನರಾಯಪಟ್ಣದಿಂದ ಬಸ್ಸಲ್ಲಿ ಬಂದ್ಬುಟ್ಟೆ."

ಶತ್ರುರಾಜನನ್ನು ಅಪ್ಪಿಕೊಂಡೆ. ಒಂದು ವರ್ಷ ದಿನವೂ ಮಾತಾಡಿದ ಮನುಷ್ಯನ ಮುಖವನ್ನು ಅವತ್ತೇ ಮೊದಲ ಸಲ ನೋಡಿದ್ದು. ನನಗೆ ಸೂತಕ ಎಂದು ಇಂಚರ ಬರೆದಿದ್ದಳಂತೆ. ಗುಂಪಿನವರೆಲ್ಲ ಯಾರಾದರೂ ಹೋಗಿ ನೋಡಿಕೊಂಡು ಬನ್ನಿ ಎಂದು, ಹತ್ತಿರದ ಊರಿನವರಾದ ಇವರನ್ನು ಕಳಿಸಿದ್ದರು. ಕಟ್ಟಿನಲ್ಲಿದ್ದದ್ದು ಪಟ್ಟಾಭಿಷೇಕದ ಅಧ್ಯಾಯ. ಬಿಚ್ಚಿದೆ. ಎರಡೇ ಪುಟ ಇತ್ತು.

ಏಳು ನದಿ ಇಲ್ಲ. ಒಂಬತ್ತು ಧಾನ್ಯ ಇಲ್ಲ. ಯುವರಾಜ ಸಿಂಹಾಸನದ ಮೆಟ್ಟಿಲಲ್ಲಿ ನಿಂತು, ತಪ್ಪು ಮಾಡಿಬಿಟ್ಟರೆ ಏನು ಗತಿ ಎಂದು ಪುರೋಹಿತನನ್ನು ಕೇಳುತ್ತಾನೆ. ಮುಹೂರ್ತ ಮೀರುತ್ತಿದೆ. ಪುರೋಹಿತ ಕಲಶವನ್ನು ಕೆಳಗಿಟ್ಟು, ಅದೇ ಮೆಟ್ಟಿಲ ಮೇಲೆ ಕೂತು, ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸುತ್ತಾನೆ. (ಆ ಕಾಲದಲ್ಲಿ ಕನ್ನಡಕ ಎಲ್ಲಿತ್ತು ಎಂದು ಕೇಳಬೇಡಿ; ಅದನ್ನು ನಾನೂ ಕೇಳಲಿಲ್ಲ.) "ತಪ್ಪದ ರಾಜ ಯಾರೂ ಇಲ್ಲಪ್ಪ. ತಪ್ಪಿದಾಗ ಹೇಳುವವರನ್ನು ಹತ್ತಿರ ಇಟ್ಟುಕೋ. ಅಷ್ಟು ಮಾಡಿದರೆ ಎಲ್ಲ ಘಳಿಗೆಯೂ ಮುಹೂರ್ತವೇ" ಎನ್ನುತ್ತಾನೆ. ಆಮೇಲೆ ಕಿರೀಟ ತೊಡಿಸುತ್ತಾನೆ.

ಆ ಪುರೋಹಿತ ನಾನು. ಪರೀಕ್ಷೆಯ ದಿನ ಬೆಳಿಗ್ಗೆ ಅಳುತ್ತಾ ಕೂತಿದ್ದ ಇಂಚರಾಳ ಪಕ್ಕದಲ್ಲಿ ಅದೇ ರೀತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತವನು ನಾನೇ. ನನ್ನ ಹದಿನಾಲ್ಕು ಪುಟದಲ್ಲಿ ನಾನೂ ಇರಲಿಲ್ಲ, ಆ ಹುಡುಗನೂ ಇರಲಿಲ್ಲ. ನಾನು ಹೆತ್ತ ಮಗಳು ಹೀಗೆ ಬರೆಯುತ್ತಾಳೆ ಎಂದು ಎದೆ ತುಂಬಿ ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ.

"ದಾವಣಗೆರೆ ಮಹಾರಾಜ್ರು ಅತ್ತುಬಿಟ್ರಂತೆ ಸಾ" ಎಂದರು ಪದ್ಮಕುಮಾರ್. ಆಮೇಲೆ ಡಬ್ಬಿಯನ್ನು ಅತ್ತ ಇತ್ತ ಸರಿಸಿ, ಸಂಸ್ಥಾನದ ನಿರ್ಣಯ ಹೇಳಿದರು. ರಾಜಪುರೋಹಿತರ ಹುದ್ದೆಗೆ ಇನ್ನು ಇಂಚರ ಅವರೇ ಇರಲಿ ಎಂದು ಎಲ್ಲರೂ ಕೇಳಿಕೊಂಡಿದ್ದರು. ನನ್ನನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. ಎಣಿಕೆಯಲ್ಲಿ ನನ್ನಂಥವರು ಇಲ್ಲವಾದ್ದರಿಂದ ನನಗೆ ಆಸ್ಥಾನ ಗಣಕ ಎಂಬ ಹೊಸ ಪದವಿ.

ಸ್ವಲ್ಪ ಚುರುಕ್ ಎಂದಿತು. ಆದರೂ ಪದವಿ ಪದವಿಯೇ. ಗಾಂಭೀರ್ಯದಿಂದ ಸ್ವೀಕರಿಸಿದೆ. ತೀರಿಹೋದವರು ನಿಮಗೆ ಹೇಗೆ ಸಂಬಂಧ ಎಂದು ಪದ್ಮಕುಮಾರ್ ಕೇಳಿದಾಗ, ಏಳು ತಲೆಯ ನಿಯಮವನ್ನು ವಿವರಿಸಿ, ಗಣಕನಾದ ಮೇಲೆ ಬಾಯಲ್ಲಿ ಹೇಳಿದರೆ ಸಾಲದೆಂದು, ಕಾಗದದ ಹಿಂಬದಿಯಲ್ಲಿ ವಂಶವೃಕ್ಷವನ್ನೇ ಬರೆಯತೊಡಗಿದೆ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು. ಮೂಲಪುರುಷ ಯೋಗಾನರಸಿಂಹ, ಅವರ ಮಗ ಶಾಮಣ್ಣ, ಅವರ ಮಗ ಯೋಗಾನರಸಿಂಹ, ಅವರ ಮಗ ಶಾಮಣ್ಣ. ಹೀಗೇ ಇಳಿಯುತ್ತಾ ಬಂದೆ. ಪೆನ್ಸಿಲ್ ನನ್ನ ಹೆಸರಿಗೆ ಬಂದಾಗ ಪಕ್ಕದಲ್ಲಿ ಹಾಕಿದ ಸಂಖ್ಯೆ ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತೇ. ಬೆರಳಲ್ಲಿ ಎಣಿಸುವಾಗ ಒಬ್ಬ ಯೋಗಾನರಸಿಂಹರನ್ನೂ ಒಬ್ಬ ಶಾಮಣ್ಣನವರನ್ನೂ ಪೂರ್ತಿ ನುಂಗಿಬಿಟ್ಟಿದ್ದೆ.

"ಏಳು ದಾಟಿದ್ರೆ ಮೂರೇ ದಿನ ಅಂದ್ರಲ್ಲ ಸಾ" ಎಂದರು ಪದ್ಮಕುಮಾರ್ ಮೆಲ್ಲಗೆ. "ಪಟ್ಟಾಭಿಷೇಕ ಐದನೇ ದಿನ ಆಯ್ತು."

ವೇದವತಿ ಕಾಫಿ ತಂದು ಇಟ್ಟಳು. ಕಾಗದದ ಕಡೆ ನೋಡಲೂ ಇಲ್ಲ.

"ಒಂಬತ್ತು ಅಂತ ನಂಗೆ ಮೊದಲ್ನೇ ದಿನವೇ ಗೊತ್ತು. ಮದುವೆಯಾಗಿ ಬಂದ ವರ್ಷ ಅತ್ತೆಯವರು ನನ್ನ ಕೈಲಿ ಈ ಹೆಸರುಗಳನ್ನ ದಿನಾ ಹೇಳಿಸ್ತಿದ್ರು."

"ಮತ್ತೆ ಹೇಳಬಾರದಾಗಿತ್ತಾ?"

"ಇನ್ನೊಂದ್ಸಲ ಎಣಿಸಿ ಅಂದ್ನಲ್ಲ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಎಂಟು ವರ್ಷದಿಂದ ಅವಳು ಒಂದು ಸಾಲು ಬರೆದಿರಲಿಲ್ಲ ಕಣ್ರೀ. ನಿಮಗೆ ಸೂತಕ ಇಲ್ಲದಿದ್ರೆ ಅವಳಿಗೆ ಬಿಡ್ತಿದ್ರಾ? ಮಿಕ್ಕ ಏಳು ದಿನ ದೀಪ ಹಚ್ಚದ್ದಕ್ಕೆ ನರಸಿಂಹಸ್ವಾಮಿ ಹತ್ರ ತಪ್ಪು ಕಾಣಿಕೆ ಹರಕೆ ಹೊತ್ತಿದೀನಿ. ನೀವೂ ಬನ್ನಿ."

ಪ್ರಚಂಡಬಾಹು ಇದೆಲ್ಲವನ್ನೂ ಕೇಳಿ, ಜೀವನದಲ್ಲಿ ಮೊದಲ ಸಲ ಒಬ್ಬ ಶತ್ರು ಪೂರ್ತಿ ನೆಲಕ್ಕೆ ಬಿದ್ದದ್ದನ್ನು ನೋಡಿ, ಕಾಫಿ ಲೋಟದೊಳಗೇ ನಗುತ್ತಿದ್ದರು. ಗಣಕರ ಪದವಿಯ ವಿಷಯ ಗುಂಪಿಗೆ ಏನು ತಿಳಿಸಲಿ ಎಂದು ಕೇಳಿದರು. ಸ್ವೀಕರಿಸಿದ್ದಾರೆ ಎಂದು ತಿಳಿಸಿ ಎಂದೆ. ಬೇರೆ ಏನು ಹೇಳಲಿ?

ಈಗ ಇಂಚರ ವಾರಕ್ಕೊಂದು ಅಧ್ಯಾಯ ಬರೆಯುತ್ತಾಳೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ ನಾನೇ ಕರೆದು ಹೇಳುತ್ತೇನೆ. ಶಿಷ್ಯರು ಈಗ ಅದಕ್ಕೂ ಹೆದರಿ ರಸ್ತೆ ದಾಟುತ್ತಿದ್ದಾರೆ. ಬರೆಯುವ ಮೊದಲು ಅವಳು ತಪ್ಪದೆ ಫೋನ್ ಮಾಡುತ್ತಾಳೆ. "ಅಣ್ಣ, ಆಸ್ಥಾನ ಗಣಕರು ನೀವು. ದಂಡು ಹೊರಟು ಇವತ್ತಿಗೆ ಎಷ್ಟು ದಿನ ಆಯ್ತು?"

ಒಂದು ನಿಮಿಷ ಇರು ಎಂದು ನಾನು ರಿಸೀವರ್ ಮೇಲೆ ಕೈಯಿಟ್ಟು, ಅಡುಗೆಮನೆಯ ಕಡೆ ತಿರುಗುತ್ತೇನೆ.