ಹೊಲಿಗೆ ಯಂತ್ರವನ್ನು ನನ್ನ ಹೆಂಡತಿ ಮರೆತಿಲ್ಲವೆಂದು ತಿದ್ದಿಕೊಡುವ ಬಗ್ಗೆ

ಇಂದ: ಹೊಲಿಗೆಯಮ್ಮನ ಗಂಡ, ಮೂರನೇ ಅಡ್ಡಬೀದಿ

ಗೆ: ಅಪರಾಧ ಅಂಕಿಅಂಶಗಳ ಮುಖ್ಯಾಧಿಕಾರಿಗಳು

ವಿಷಯ: ನಮ್ಮ ಬೀದಿಯ ಕಳ್ಳತನವನ್ನು ಸೊನ್ನೆಯಿಂದ ಒಂದಕ್ಕೆ ಏರಿಸಲು ಕೋರಿಕೆ

ಉಲ್ಲೇಖ: ಠಾಣೆಯಲ್ಲಿ ನಾನು ನೀಡಿದ ಮೌಖಿಕ ದೂರು, ಮತ್ತು ನನ್ನ ಹೆಂಡತಿ ಅದಕ್ಕಿಂತ ಜೋರಾಗಿ ನೀಡಿದ ಮೌಖಿಕ ದೂರು

ಮಾನ್ಯರೇ,

ಅಂದು ಬೆಳಗಿನ ಪ್ರಾರ್ಥನೆ ಮುಗಿಸಿ ಮುಂಗೋಣೆಗೆ ಬಂದಾಗ ಬಾಗಿಲ ಚಿಲಕ ಮುರಿದಿತ್ತು, ಹೊಲಿಗೆ ಯಂತ್ರ ಇರಲಿಲ್ಲ. "ನನ್ನ ಮೆಷಿನ್ ಎಲ್ರೀ?" ಎಂದು ನನ್ನ ಹೆಂಡತಿ, ನಾನೇ ಎಲ್ಲೋ ಬಚ್ಚಿಟ್ಟವನಂತೆ ನನ್ನ ಮುಖ ನೋಡಿದಳು.

ಆದ್ದರಿಂದ ಇಬ್ಬರೂ ಠಾಣೆಗೆ ಹೋದೆವು. ಅಲ್ಲಿದ್ದ ಪೊಲೀಸಪ್ಪ, "ಯಂತ್ರ ಕಳೆದುಹೋಗಿದೆ, ಅರ್ಜಿದಾರಳು ಎಲ್ಲೋ ಇಟ್ಟು ಮರೆತಿರಬಹುದು" ಎಂದು ಬರೆದುಕೊಂಡರು.

"ಏನಪ್ಪಾ, ಅದೇನು ಕನ್ನಡಕವೇ, ಇಟ್ಟು ಮರೆಯೋಕೆ?" ಎಂದಳು ಇವಳು.

"ಅಜ್ಜೀ, ಈ ವರ್ಷ ನಿಮ್ಮ ಬೀದೀಲಿ ಕಳ್ಳತನ ಇಲ್ಲ. ಮೇಲಿನವರಿಗೆ ಹೇಳಿಬಿಟ್ಟಿದ್ದೀವಿ."

"ಕಳ್ಳನಿಗೂ ಒಂದು ಮಾತು ಹೇಳಬಾರದಿತ್ತೇ?"

ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತೇನೆ.

1. ಸದರಿ ಯಂತ್ರ ಕಬ್ಬಿಣದ ಕಾಲಿನದು. ಕಸ ಗುಡಿಸಲು ಸರಿಸಬೇಕಾದರೂ ಪಕ್ಕದ ಮನೆಯ ಬಡಗಿಯನ್ನು ಕರೆಯುತ್ತಿದ್ದೆವು. ಆದಕಾರಣ ಅದು ದಾರಿಯಲ್ಲಿ ಬಿದ್ದುಹೋಗಿದ್ದರೆ ನಮಗೆ, ಕನಿಷ್ಠ ನಮ್ಮ ಪಾದಗಳಿಗೆ, ತಿಳಿಯುತ್ತಿತ್ತು.

2. ನಗರದ ಸಭಾಂಗಣದಲ್ಲಿ ನಡೆದ ಅಪರಾಧ ಕುರಿತ ಚರ್ಚೆಗೆ ನಾನೂ ಹೋಗಿದ್ದೆ. ಒಬ್ಬರು ಪೊಲೀಸರ ಹಿಡಿತ ಬಿಗಿಯಾಗಬೇಕೆಂದರು. ಇನ್ನೊಬ್ಬರು ಬೀದಿದೀಪ ಹಾಕಿ, ಹುಡುಗರಿಗೆ ಕೆಲಸ ಕೊಡಿ ಎಂದರು. ಇಬ್ಬರೂ ನಮ್ಮ ಬೀದಿಯ ಸೊನ್ನೆಯನ್ನೇ ಎತ್ತಿ ತೋರಿಸಿದರು: ಗಸ್ತಿನ ಭಯದಿಂದ ಎಂದು ಒಬ್ಬರು, ನೆರೆಹೊರೆಯ ಪ್ರೀತಿಯಿಂದ ಎಂದು ಇನ್ನೊಬ್ಬರು. ಇಬ್ಬರಿಗೂ ಚಪ್ಪಾಳೆ ಬಿತ್ತು. ನಮ್ಮಲ್ಲಿ ಗಸ್ತೂ ಇಲ್ಲ, ದೀಪವೂ ಇಲ್ಲ. ಕೇಳಿದರೆ, ಸೊನ್ನೆ ಇರುವ ಕಡೆಗೆ ಅವು ಯಾಕೆ ಎನ್ನುತ್ತಾರೆ.

3. ಠಾಣೆಯವರು ಬರೆದದ್ದು ಬೀದಿಗೆಲ್ಲ ಹಬ್ಬಿತು. "ಅಮ್ಮಾ, ನಮ್ಮ ಲಂಗ ಇದೆಯೋ, ಅದನ್ನೂ ಎಲ್ಲಾದರೂ ಇಟ್ಟುಬಿಟ್ಟಿರೋ?" ಎಂದು ಹೊಲಿಯಲು ಕೊಟ್ಟವರು ತಮಾಷೆ ಮಾಡುತ್ತಿದ್ದರು. ಇವಳು ಅವರೆದುರು ನಗುತ್ತಿದ್ದಳು, ಒಳಗೆ ಬಂದು ಊಟ ಬಿಡುತ್ತಿದ್ದಳು. ಹೋದ ತಿಂಗಳು ಎದೆನೋವಿನಿಂದ ತೀರಿಕೊಂಡಳು. ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ: "ನಾನು ಮರೆತಿಲ್ಲ ಅಂತ ಅವರ ಕೈಲಿ ಬರೆಸ್ರೀ." ಬರೆಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಆದ್ದರಿಂದ, ಯಂತ್ರವನ್ನು ಹುಡುಕಿಸುವ ಶ್ರಮ ಬೇಡ, ಹೊಲಿಯುವವಳೇ ಇಲ್ಲ. "ಕಳುವಾಗಿದೆ" ಎಂದು ತಿದ್ದಿದರೆ ಸಾಕು. ಸೊನ್ನೆ ಒಂದಾಗುವುದು ತಮಗೆ ಮುಜುಗರವೆನಿಸಿದರೆ, ಮರೆತವನು ಗಂಡ ಎಂದಾದರೂ ಬರೆಯಿರಿ. ನನ್ನ ಮರೆವಿನ ಬಗ್ಗೆ ಬೀದಿಯಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ.

ಇನ್ನೂ ತಮ್ಮಲ್ಲಿ ವಿಶ್ವಾಸವಿಟ್ಟಿರುವ,
ಅರ್ಜಿದಾರ

ಲಗತ್ತುಗಳು:
ಮುರಿದ ಚಿಲಕ.
ಮರಣ ಪ್ರಮಾಣಪತ್ರದ ನಕಲು. ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ದೇವರೇ, ಜೀವಮಾನವೆಲ್ಲ ಬೆನ್ನು ಬಗ್ಗಿಸಿ ದುಡಿದವಳು. ನಿನ್ನ ಸನ್ನಿಧಿಯಲ್ಲಿ ಅವಳಿಗೆ ಶಾಂತಿ ಕೊಡು.